ಮೊದಲ ರಿಪೋರ್ಟ್ ನಾರ್ಮಲ್ ಇದ್ದ ಕೂಸಿಗೆ ನಂಜು ಹೇಗೆ ಬಂತು?

ಓದುಗರ ಪ್ರಶ್ನೆ: ನಮ್ಮದು ಸಕಲೇಶಪುರದ ಆಚೆ ತೋಟದ ಮನೆ. ಎರಡು ತಿಂಗಳ ಹಿಂದೆ ತಂಗಿಗೆ ಗಂಡು ಮಗುವಾಯಿತು. 36 ವಾರ, ತೂಕ 2.2 ಕೆ.ಜಿ. ಭಾನುವಾರ ರಾತ್ರಿ 9ಕ್ಕೆ ನೀರು ಹೋಗಿತ್ತು. ಹೆರಿಗೆ ಆದದ್ದು ಸೋಮವಾರ ಸಂಜೆ 5ಕ್ಕೆ, ಹತ್ತಿರದ ಆಸ್ಪತ್ರೆಯಲ್ಲಿ. ಅದೇ ರಾತ್ರಿ 11ಕ್ಕೆ ರಕ್ತ ತೆಗೆದರು. ಸಿಆರ್‌ಪಿ 4, ನಾರ್ಮಲ್ ಅಂದರು. ಬಿಳಿ ರಕ್ತಕಣ ಮಾತ್ರ 18,000 ಇತ್ತು, ನಮಗೆ ಅದರದ್ದೇ ಹೆದರಿಕೆ. ಮಂಗಳವಾರ ರಾತ್ರಿ ಕೂಸು ಹಾಲು ಚೀಪುವುದನ್ನು ಬಿಟ್ಟಿತು, ಕೈಕಾಲು ತಣ್ಣಗಾದವು. ಒಂದು ಇಂಜೆಕ್ಷನ್ ಕೊಟ್ಟು 108ರಲ್ಲಿ ಹಾಸನಕ್ಕೆ ಕಳಿಸಿದರು. ಬುಧವಾರ ನಸುಕಿನಲ್ಲಿ ಅಲ್ಲಿ ತೆಗೆದ ರಕ್ತದಲ್ಲಿ ಸಿಆರ್‌ಪಿ 3.8, ಬಿಳಿ ಕಣ 4,200. ಅದೇ ರಕ್ತವನ್ನು ಹೊರಗಿನ ಲ್ಯಾಬ್‌ಗೆ ಕೊಟ್ಟರೆ ಸಿಆರ್‌ಪಿ 41 ಅಂತ ಬಂತು! ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆದರೂ ಏಳು ದಿನ ಜೆಂಟಾಮೈಸಿನ್ ಮತ್ತು ಆಂಪಿಸಿಲಿನ್ ಕೊಟ್ಟರು. ಈಗ ಮಗು ಚೆನ್ನಾಗಿದೆ. ನನ್ನ ಪ್ರಶ್ನೆ: ಮೊದಲ ಲ್ಯಾಬ್ ಎಡವಿತೇ? ಪ್ರೊಕ್ಯಾಲ್ಸಿಟೋನಿನ್ ಎಂಬ ಒಳ್ಳೆಯ ಪರೀಕ್ಷೆ ಇದೆಯಂತೆ, ಅದನ್ನೇಕೆ ಮಾಡಲಿಲ್ಲ? ಏನೂ ಬೆಳೆಯದಿದ್ದ ಮೇಲೆ ಏಳು ದಿನದ ಔಷಧ ದಂಡವೇ? ನನ್ನ ಹೆಂಡತಿಗೆ ಈಗ ಏಳು ತಿಂಗಳು. ದುಡ್ಡು ಎಷ್ಟಾದರೂ ಸರಿ, ನಮ್ಮ ಮಗುವಿಗೆ ಹುಟ್ಟಿದ ಕೂಡಲೇ ಎಲ್ಲ ರಕ್ತಪರೀಕ್ಷೆ ಮಾಡಿಸಿಬಿಡಲೇ?

ಉತ್ತರ:

ಗಂಟೆ, ಅಂಕಿ ಎಲ್ಲವನ್ನೂ ಬರೆದಿಟ್ಟುಕೊಂಡು ಕೇಳಿದ್ದೀರಿ. ಅದರಿಂದ ಉತ್ತರ ಹೇಳುವುದು ಸುಲಭವಾಯಿತು. ಲ್ಯಾಬ್ ಎಡವಿದ್ದು ನಿಮ್ಮ ವಿವರದಲ್ಲಿ ಎಲ್ಲೂ ಕಾಣುತ್ತಿಲ್ಲ. ಸೋಮವಾರ ರಾತ್ರಿಯ 4 ನಿಜ, ಬುಧವಾರದ 3.8 ನಿಜ, 41 ಕೂಡ ನಿಜ. ಎಳೆಗೂಸಿನ ರಕ್ತದಲ್ಲಿ ಸಿಗುವ ಅಂಕಿಯನ್ನು ಓದಬೇಕಾದರೆ ಪಕ್ಕದಲ್ಲಿ ಎರಡು ವಿಷಯ ಇರಲೇಬೇಕು: ರಕ್ತ ತೆಗೆದಾಗ ಮಗುವಿಗೆ ಎಷ್ಟು ಗಂಟೆ ವಯಸ್ಸು, ಆ ಹೊತ್ತಿಗೆ ಮಗು ಹೇಗಿತ್ತು. ಈ ಎರಡನ್ನು ಬಿಟ್ಟರೆ ಅಂಕಿ ಸುಮ್ಮನೆ ಹೆದರಿಸುತ್ತದೆ, ಇಲ್ಲವೇ ಸುಮ್ಮನೆ ಸಮಾಧಾನ ಮಾಡುತ್ತದೆ. ನಿಮಗೆ ಎರಡೂ ಆಗಿದೆ.

ಸಿಆರ್‌ಪಿ ತಡವಾಗಿ ಏಕೆ ಏರುತ್ತದೆ

ಸಿಆರ್‌ಪಿ ಅಂದರೆ ರೋಗಾಣುವಲ್ಲ, ಅದರ ವಿಷವೂ ಅಲ್ಲ; ಲಿವರ್ ತಯಾರಿಸುವ ಒಂದು ಪ್ರೋಟೀನ್. ದೇಹದೊಳಗೆ ಸೋಂಕು ತಗಲಿದಾಗ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್-6 ಎಂಬ ಸಂಕೇತವನ್ನು ಬಿಡುತ್ತವೆ. ಅದು ಲಿವರ್ ಮುಟ್ಟಿದ ಮೇಲೆ ಲಿವರ್ ಸಿಆರ್‌ಪಿಯನ್ನು ತಯಾರಿಸಲು ಶುರುಮಾಡುತ್ತದೆ. ಇಷ್ಟೆಲ್ಲ ಆಗಿ ರಕ್ತದಲ್ಲಿ ಅಳೆಯುವಷ್ಟು ಏರಲು 6ರಿಂದ 12 ಗಂಟೆ ಬೇಕು. ಉತ್ತುಂಗಕ್ಕೆ ಹೋಗಲು 36ರಿಂದ 48 ಗಂಟೆ. ಮೂಡಿಗೆರೆ ಕಡೆ ರಾತ್ರಿಯಿಡೀ ಮಳೆ ಹೊಡೆದರೂ ಗೊರೂರಿನಲ್ಲಿ ಹೇಮಾವತಿ ನೀರಿನ ಮಟ್ಟ ಏರುವುದು ಎಷ್ಟೋ ಹೊತ್ತಿನ ಮೇಲೆ. ಇಲ್ಲಿನ ಲೆಕ್ಕವೂ ಅದೇ.

ನಿಮ್ಮ ತಂಗಿಯ ಮಗುವಿನ ರಕ್ತವನ್ನು ತೆಗೆದದ್ದು ಹುಟ್ಟಿದ ಆರನೇ ಗಂಟೆಗೆ. ಸೋಂಕು ಹೆರಿಗೆಯ ಹೊತ್ತಿನಲ್ಲಿ ತಗಲಿತ್ತು ಎಂದುಕೊಂಡರೆ ಸಿಆರ್‌ಪಿ ಆಗಿನ್ನೂ ಮೇಲೇಳುವ ಸಮಯವೇ ಆಗಿರಲಿಲ್ಲ. ಸಾಲದ್ದಕ್ಕೆ ಮಗು ಅವಧಿಗೆ ಮುಂಚೆ ಹುಟ್ಟಿದ್ದು. ಇಂಥ ಕೂಸುಗಳ ಲಿವರ್ ಸಿಆರ್‌ಪಿಯನ್ನು ತಯಾರಿಸುವುದೂ ಕಡಿಮೆ, ತಡವೂ ಹೆಚ್ಚು. ಆದ್ದರಿಂದ ಆ 4ರ ಅರ್ಥ "ಸೋಂಕಿಲ್ಲ" ಎಂದಲ್ಲ, "ಈಗಲೇ ಹೇಳಲಾಗದು" ಎಂದು. ಅಪಾಯದ ಕಾರಣಗಳಿರುವ ಮಗುವಿನಲ್ಲಿ ಮೊದಲ ಪರೀಕ್ಷೆ ನಾರ್ಮಲ್ ಬಂದರೆ 12ರಿಂದ 24 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕು. ಸಿಆರ್‌ಪಿಯ ನಿಜವಾದ ಬೆಲೆ ಇರುವುದೇ ಎರಡನೇ ಸಲದಲ್ಲಿ. 24 ಗಂಟೆ ಅಂತರದ ಎರಡು ಸಿಆರ್‌ಪಿಗಳು 10ಕ್ಕಿಂತ ಕೆಳಗಿದ್ದು, ಮಗುವೂ ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಸೋಂಕಿಲ್ಲ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಒಂದೇ ಸಲದ ಸಿಆರ್‌ಪಿ ಅಂಥ ಧೈರ್ಯ ಕೊಡುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಿಆರ್‌ಪಿ ಏರಿದ ಮಾತ್ರಕ್ಕೆ ನಂಜು, ಅಂದರೆ ರಕ್ತಕ್ಕೆ ಹರಡಿದ ಸೋಂಕು, ಎಂದೂ ಅಲ್ಲ. ಹೆರಿಗೆ ನೋವು ದೀರ್ಘವಾಗಿದ್ದರೆ, ಹುಟ್ಟುವಾಗ ಮಗುವಿಗೆ ಉಸಿರು ಕಟ್ಟಿದ್ದರೆ, ಹೊಟ್ಟೆಯೊಳಗೇ ಮಲ ಮಾಡಿ ಅದು ಶ್ವಾಸಕೋಶಕ್ಕೆ ಹೋಗಿದ್ದರೆ ಸಿಆರ್‌ಪಿ ಏರುತ್ತದೆ. ಏನೂ ತೊಂದರೆಯಿಲ್ಲದ ಕೂಸಿನಲ್ಲೂ ಮೊದಲ ಎರಡು ದಿನ ತುಸು ಮೇಲೆ ಹೋಗಿ ತಾನೇ ಇಳಿಯುವುದುಂಟು. ತಾಯಿಯ ಸಿಆರ್‌ಪಿ ಮಾತ್ರ ಮಾಸು ದಾಟಿ ಮಗುವಿಗೆ ಬರುವುದಿಲ್ಲ. "ಅಮ್ಮನಿಗೆ ಜ್ವರ ಇತ್ತು, ಅದೇ ರಕ್ತ ಮಗುವಿನಲ್ಲಿ ಕಾಣುತ್ತಿದೆ" ಎಂಬ ಮಾತನ್ನು ಯಾರಾದರೂ ಆಡಿದ್ದರೆ ಬಿಟ್ಟುಬಿಡಿ.

3.8 ಮತ್ತು 41 ಒಂದೇ

ನಿಮ್ಮ ಮನೆಯವರನ್ನು ಅತಿ ಹೆಚ್ಚು ಕಂಗೆಡಿಸಿದ್ದು ಬಹುಶಃ ಇದೇ. ಎರಡೂ ರಿಪೋರ್ಟ್ ಕೈಯಲ್ಲಿದ್ದರೆ ಅಂಕಿಯ ಬಲಗಡೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಅಳತೆಯನ್ನು ನೋಡಿ. ಒಂದರಲ್ಲಿ ಡೆಸಿಲೀಟರಿಗೆ ಇಷ್ಟು ಮಿ.ಗ್ರಾಂ ಎಂದಿರುತ್ತದೆ, ಇನ್ನೊಂದರಲ್ಲಿ ಲೀಟರಿಗೆ ಇಷ್ಟು ಎಂದು. ಒಂದು ಲೀಟರಿಗೆ ಹತ್ತು ಡೆಸಿಲೀಟರ್. ಹಾಗಾಗಿ ಡೆಸಿಲೀಟರಿಗೆ 3.8 ಅಂದರೆ ಲೀಟರಿಗೆ 38. ಒಂದು ಕಡೆ 38, ಇನ್ನೊಂದು ಕಡೆ 41 ಬಂದಿದೆ. ಎರಡು ಬೇರೆ ಯಂತ್ರಗಳ ನಡುವೆ ಇಷ್ಟು ವ್ಯತ್ಯಾಸ ಸಹಜ. ಹೊಸಗೂಸಿನಲ್ಲಿ ಬಳಸುವ ಗಡಿ ಲೀಟರಿಗೆ 10 ಮಿ.ಗ್ರಾಂ, ಅಂದರೆ ಡೆಸಿಲೀಟರಿಗೆ 1. ನಿಮ್ಮ ತಂಗಿಯ ಮಗು ಎರಡೂ ಲ್ಯಾಬ್‌ಗಳ ಲೆಕ್ಕದಲ್ಲಿ ಆ ಗಡಿಯನ್ನು ಬಹಳ ದಾಟಿತ್ತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ತಾಲ್ಲೂಕಿನಲ್ಲಿ ಒಂದು ಅಳತೆ, ಜಿಲ್ಲೆಯಲ್ಲಿ ಇನ್ನೊಂದು ಅಳತೆ ಇದ್ದಾಗ 12ರಿಂದ 3ಕ್ಕೆ ಇಳಿಯಿತು ಎಂದು ಮನೆಯವರು ಸಂತೋಷಪಡುತ್ತಾರೆ; ನಿಜದಲ್ಲಿ ಅದು 12ರಿಂದ 30ಕ್ಕೆ ಏರಿರುತ್ತದೆ. ಫೋನಿನಲ್ಲಿ ಅಂಕಿ ಹೇಳುವಾಗ, ವಾಟ್ಸಾಪಿನಲ್ಲಿ ಕಳಿಸುವಾಗ ಅಳತೆಯನ್ನೂ ಸೇರಿಸಿ. ಇಡೀ ರಿಪೋರ್ಟಿನ ಫೋಟೋ ಕಳಿಸುವುದು ಇನ್ನೂ ಒಳ್ಳೆಯದು, ಅದರಲ್ಲಿ ರಕ್ತ ತೆಗೆದ ಸಮಯವೂ ಇರುತ್ತದೆ.

ಹೆದರಬೇಕಾದದ್ದು 18,000ಕ್ಕಲ್ಲ, 4,200ಕ್ಕೆ

ರಿಪೋರ್ಟಿನ ಪಕ್ಕದಲ್ಲಿ ನಾರ್ಮಲ್ ಎಂದು 4,000ದಿಂದ 11,000 ಅಚ್ಚಾಗಿತ್ತು ಅಲ್ಲವೇ? ಅದು ದೊಡ್ಡವರ ಲೆಕ್ಕ. ಹುಟ್ಟಿದ ಮೊದಲ ದಿನ ಆರೋಗ್ಯವಾಗಿರುವ ಮಗುವಿನಲ್ಲೂ ಬಿಳಿ ರಕ್ತಕಣ 9,000ದಿಂದ 30,000ದವರೆಗೆ ಇರುತ್ತದೆ. ಹಾಗಾಗಿ 18,000ದಲ್ಲಿ ಏನೂ ವಿಶೇಷವಿಲ್ಲ. ಎಳೆಗೂಸಿನಲ್ಲಿ ಕೆಟ್ಟ ಸೂಚನೆ ಅಂದರೆ ಕಣಗಳು ಕಡಿಮೆಯಾಗುವುದು. ಸೋಂಕು ಜೋರಾದಾಗ ಕಣಗಳು ರಕ್ತದಿಂದ ಅಂಗಾಂಶಗಳೊಳಗೆ ನುಗ್ಗುತ್ತವೆ. ಮೂಳೆಮಜ್ಜೆಯಲ್ಲಿ ದಾಸ್ತಾನು ಕಡಿಮೆ ಇರುವುದರಿಂದ ಖಾಲಿಯಾದ ಜಾಗ ತುಂಬುವುದಿಲ್ಲ. 5,000ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ದೊಡ್ಡವರ ಗಡಿ ನೋಡಿದವರಿಗೆ 4,200 "ನಾರ್ಮಲ್" ಆಗಿಯೇ ಕಂಡಿರುತ್ತದೆ. ಹಾಸನದ ವೈದ್ಯರ ಕಣ್ಣು ಮೊದಲು ಬಿದ್ದಿರುವುದು ಅಲ್ಲಿಗೇ ಎಂದು ನನ್ನ ಅಂದಾಜು.

ಒಟ್ಟು ಸಂಖ್ಯೆಗಿಂತ ಹೆಚ್ಚು ಹೇಳುವುದು ನ್ಯೂಟ್ರೋಫಿಲ್ ಎಂಬ ಜಾತಿಯ ಕಣಗಳ ಲೆಕ್ಕ. ಇದರ ಕೆಳಗಿನ ಗಡಿ ಗಂಟೆಗಂಟೆಗೂ ಬದಲಾಗುತ್ತದೆ. ತುಂಬು ದಿನದ ಮಗುವಿನಲ್ಲಿ ಹುಟ್ಟಿದಾಗ ಸುಮಾರು 1,800, ಹನ್ನೆರಡು ಗಂಟೆಯ ಆಸುಪಾಸಿನಲ್ಲಿ 7,800ರವರೆಗೆ ಏರಿ, 72 ಗಂಟೆಗೆ ಮತ್ತೆ 1,750ಕ್ಕೆ ಬರುತ್ತದೆ. ರಕ್ತ ತೆಗೆದ ಗಂಟೆ ಗೊತ್ತಿಲ್ಲದೆ ಈ ಅಂಕಿಯನ್ನು ಓದಲು ಹೊರಟರೆ ತಪ್ಪುವುದು ಖಂಡಿತ.

ಇನ್ನು ಬಲಿಯದ ಕಣಗಳು, ಅಂದರೆ ಬ್ಯಾಂಡ್ ಕಣಗಳು. ನೂರು ನ್ಯೂಟ್ರೋಫಿಲ್‌ಗಳಲ್ಲಿ 20ಕ್ಕಿಂತ ಹೆಚ್ಚು ಬಲಿಯದವು ಇದ್ದರೆ ಮಜ್ಜೆ ತನ್ನಲ್ಲಿರುವುದನ್ನೆಲ್ಲ ಹೊರಗೆ ಕಳಿಸುತ್ತಿದೆ ಎಂದರ್ಥ. ಯಂತ್ರ ಕೊಡುವ ಅಂಕಿಯಲ್ಲಿ ಇದು ಸರಿಯಾಗಿ ಸಿಗದು. ರಕ್ತದ ತೆಳು ಲೇಪವನ್ನು ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಕೂತು ಎಣಿಸಬೇಕು. ಪಳಗಿದ ಕಣ್ಣಿನ ಟೆಕ್ನಿಷಿಯನ್ ಇರುವ ಸಣ್ಣ ಲ್ಯಾಬ್ ಇದನ್ನು ದೊಡ್ಡ ಯಂತ್ರಕ್ಕಿಂತ ಚೆನ್ನಾಗಿ ಮಾಡುತ್ತದೆ.

ಮೈಕ್ರೋ ಇಎಸ್‌ಆರ್ ಎಂಬ ಇನ್ನೊಂದಿದೆ, ಅದಕ್ಕೆ ಖರ್ಚೇ ಇಲ್ಲವೆನ್ನಬೇಕು. 75 ಮಿ.ಮೀ. ಉದ್ದದ ಕೂದಲೆಳೆ ಗಾಜಿನ ನಳಿಕೆಗೆ ಹಿಮ್ಮಡಿಯಿಂದ ತೆಗೆದ ರಕ್ತ ತುಂಬಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಾದ ಮೇಲೆ ಕೆಂಪು ಕಣ ಎಷ್ಟು ಕೆಳಗಿಳಿದಿದೆ ಎಂದು ಅಳೆಯುವುದು. ಮಗುವಿನ ವಯಸ್ಸಿನ ದಿನಗಳಿಗೆ ಮೂರು ಸೇರಿಸಿದರೆ ಎಷ್ಟೋ ಅಷ್ಟು ಮಿ.ಮೀ. ಸಹಜ, 15 ದಾಟಿದರೆ ಯಾವ ವಯಸ್ಸಿನಲ್ಲೂ ಅನುಮಾನ. ಕರೆಂಟ್ ಹೋದರೂ ನಡೆಯುವ ಪರೀಕ್ಷೆ ಇದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಕಡೆ ಇದನ್ನು ಕೈಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಟ್ಟು ಬಿಳಿ ಕಣ, ನ್ಯೂಟ್ರೋಫಿಲ್, ಬಲಿಯದ ಕಣಗಳ ಪಾಲು, ಮೈಕ್ರೋ ಇಎಸ್‌ಆರ್, ಸಿಆರ್‌ಪಿ: ಈ ಐದೂ ಸೇರಿದರೆ ನಮ್ಮ ದೇಶದಲ್ಲಿ ಸೆಪ್ಸಿಸ್ ಸ್ಕ್ರೀನ್, ಅಂದರೆ ನಂಜಿನ ತಪಾಸಣೆ, ಎನ್ನುತ್ತಾರೆ. ಎರಡು ಅಥವಾ ಹೆಚ್ಚು ಕೆಟ್ಟಿದ್ದರೆ ಸ್ಕ್ರೀನ್ ಪಾಸಿಟಿವ್. ಒಂದೇ ಕೆಟ್ಟಿದ್ದು ಮಗು ಲವಲವಿಕೆಯಿಂದಿದ್ದರೆ ಕಾದು ಮತ್ತೆ ನೋಡುವುದು ಸರಿಯಾದ ದಾರಿ. ರಕ್ತ ತೆಗೆಯುವ ಕೈಯ ದೋಷವೂ ಅಂಕಿಯನ್ನು ಕೆಡಿಸುತ್ತದೆ ಎಂಬುದು ನೆನಪಿರಲಿ. ತಣ್ಣಗಿನ ಹಿಮ್ಮಡಿಯನ್ನು ಹಿಂಡಿ ಹಿಂಡಿ ತೆಗೆದ ರಕ್ತದಲ್ಲಿ ಬಿಳಿ ಕಣ ಸುಳ್ಳೇ ಹೆಚ್ಚು ಕಾಣುತ್ತದೆ. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ಬರುತ್ತದೆ. ಅಂಕಿಗೂ ಮಗುವಿಗೂ ತಾಳೆಯಾಗದಿದ್ದರೆ ಇನ್ನೊಮ್ಮೆ ರಕ್ತ ತೆಗೆಯಲು ಹೇಳುವ ವೈದ್ಯರ ಮೇಲೆ ಸಿಟ್ಟಾಗಬೇಡಿ.

ಪ್ರೊಕ್ಯಾಲ್ಸಿಟೋನಿನ್ ಮಾಡಿಸಿದ್ದರೆ?

ಸೋಂಕಾದಾಗ ರಕ್ತದಲ್ಲಿ ಏರುವ ಇನ್ನೊಂದು ಗುರುತು ಇದು. ಸಿಆರ್‌ಪಿಗಿಂತ ಚುರುಕು ಎಂಬುದು ನಿಜ. ಬ್ಯಾಕ್ಟೀರಿಯಾ ಸೋಂಕಿನಲ್ಲಿ 2ರಿಂದ 4 ಗಂಟೆಗೇ ಏರತೊಡಗಿ 6ರಿಂದ 8 ಗಂಟೆಗೆ ಎತ್ತರಕ್ಕೆ ಹೋಗುತ್ತದೆ. ಹಾಗಾದರೆ ಸೋಮವಾರ ರಾತ್ರಿಯೇ ಗೊತ್ತಾಗುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ತೊಡಕು ಇರುವುದು ಇಲ್ಲೇ. ಹುಟ್ಟಿದ ಮೊದಲ ಎರಡು ದಿನ ಯಾವ ಸೋಂಕೂ ಇಲ್ಲದ ಮಗುವಿನಲ್ಲೂ ಪ್ರೊಕ್ಯಾಲ್ಸಿಟೋನಿನ್ ತನ್ನಷ್ಟಕ್ಕೆ ಏರುತ್ತದೆ. ದೊಡ್ಡ ಮಕ್ಕಳಲ್ಲಿ, ದೊಡ್ಡವರಲ್ಲಿ ಮಿ.ಲೀ.ಗೆ 0.5 ನ್ಯಾನೊಗ್ರಾಂ ದಾಟಿದರೆ ಅನುಮಾನ. 24 ಗಂಟೆ ವಯಸ್ಸಿನ ಆರೋಗ್ಯವಂತ ಕೂಸಿನಲ್ಲಿ ಅದು 20ರ ಹತ್ತಿರಕ್ಕೂ ಹೋಗಬಲ್ಲದು! ಅದನ್ನು ಗಂಟೆವಾರು ಪಟ್ಟಿಯೊಂದಿಗೆ ಹೋಲಿಸದೆ ಲ್ಯಾಬ್ ಅಚ್ಚು ಹಾಕಿದ 0.5ರ ಗಡಿ ಹಿಡಿದು ಓದಿದರೆ ಆ ದಿನ ಹುಟ್ಟಿದ ಅರ್ಧ ಮಕ್ಕಳಿಗೆ ನಂಜು ಎಂದು ಹೇಳಬೇಕಾಗುತ್ತದೆ. 72 ಗಂಟೆ ಕಳೆದ ಮೇಲೆ ಈ ಗೊಂದಲ ಇರುವುದಿಲ್ಲ. ನಾಲ್ಕನೇ ದಿನದ ಮೇಲೆ ಕಾಯಿಲೆ ಬಿದ್ದ ಮಗುವಿನಲ್ಲಿ ಇದು ನಿಜಕ್ಕೂ ಉಪಯುಕ್ತ ಪರೀಕ್ಷೆ.

ಇದರ ಬಲವಾದ ಉಪಯೋಗ ಇನ್ನೊಂದಿದೆ. 2017ರಲ್ಲಿ ಪ್ರಕಟವಾದ, ಯುರೋಪ್ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ 1,700ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ ನಿಯೋಪಿನ್ಸ್ ಎಂಬ ಅಧ್ಯಯನದಲ್ಲಿ, ಪ್ರೊಕ್ಯಾಲ್ಸಿಟೋನಿನ್ ಇಳಿಯುವುದನ್ನು ನೋಡಿ ನಿರ್ಧರಿಸಿದಾಗ ಆಂಟಿಬಯೋಟಿಕ್ ಕೊಟ್ಟ ಅವಧಿ ಸರಾಸರಿ 65 ಗಂಟೆಯಿಂದ 55 ಗಂಟೆಗೆ ಇಳಿಯಿತು. ಗಮನಿಸಿ, ಔಷಧ ಶುರುಮಾಡಬೇಕೇ ಎಂಬುದಕ್ಕಲ್ಲ, ನಿಲ್ಲಿಸಬಹುದೇ ಎಂಬುದಕ್ಕೆ ಅದು ನೆರವಾಯಿತು. ರಕ್ತದ ಈ ಗುರುತುಗಳೆಲ್ಲದರ ಮಾತೂ ಹೆಚ್ಚುಕಡಿಮೆ ಇಷ್ಟೇ. ಶುರುಮಾಡಲು ಮಗುವಿನ ಸ್ಥಿತಿ ಸಾಕು. ನಿಲ್ಲಿಸಲು ಧೈರ್ಯ ಕೊಡುವುದು ರಕ್ತ.

ಸೋಂಕಿನ ಗುರುತುಗಳೇ ಆದ ಇಂಟರ್‌ಲ್ಯೂಕಿನ್-6, ಸಿಡಿ64, ಪ್ರೆಸೆಪ್ಸಿನ್ ಎಂಬ ಹೆಸರುಗಳನ್ನೂ ನೀವು ಇಂಟರ್‌ನೆಟ್ಟಿನಲ್ಲಿ ನೋಡಿರಬಹುದು. ಇಂಟರ್‌ಲ್ಯೂಕಿನ್-6 ಎಲ್ಲಕ್ಕಿಂತ ಮೊದಲು ಏರುತ್ತದೆ, ಆದರೆ 24 ಗಂಟೆಯೊಳಗೆ ಮಾಯವೂ ಆಗುತ್ತದೆ; ಸ್ವಲ್ಪ ತಡವಾಗಿ ರಕ್ತ ತೆಗೆದರೆ ಸೋಂಕಿದ್ದೂ ನಾರ್ಮಲ್. ಸಿಡಿ64ಕ್ಕೆ ಫ್ಲೋ ಸೈಟೊಮೆಟ್ರಿ ಯಂತ್ರ ಬೇಕು. ಹೊರ ಊರಿಗೆ ರಕ್ತ ಕಳಿಸಿ ನಾಳಿದ್ದು ರಿಪೋರ್ಟ್ ತರಿಸುವ ಪರೀಕ್ಷೆ ಇವತ್ತು ರಾತ್ರಿ ಕಾಯಿಲೆ ಬಿದ್ದ ಕೂಸಿಗೆ ಉಪಯೋಗಕ್ಕೆ ಬರುವುದಿಲ್ಲ.

ಏನೂ ಬೆಳೆಯದಿದ್ದರೆ ಸೋಂಕು ಇರಲಿಲ್ಲವೇ?

ಕಲ್ಚರ್ ಅಂದರೆ ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ರೋಗಾಣು ಬೆಳೆಯುತ್ತದೆಯೇ ಎಂದು ಕಾಯುವುದು. ಬೆಳೆದರೆ ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದೆಲ್ಲ ಸಿಗುತ್ತದೆ. ಆ ಮಟ್ಟಿಗೆ ಇದಕ್ಕೆ ಸಮನಾದ ಪರೀಕ್ಷೆ ಇಲ್ಲ. ಆದರೆ ಎಳೆಗೂಸಿನ ರಕ್ತದಲ್ಲಿ ರೋಗಾಣುಗಳ ಸಂಖ್ಯೆ ಎಷ್ಟೋ ಸಲ ತೀರಾ ಕಡಿಮೆ. ಕನಿಷ್ಠ 1 ಮಿ.ಲೀ. ರಕ್ತ ಬೇಕು, ನಾಲ್ಕು ಹನಿ ಹಾಕಿದರೆ ಸಿಗದೇ ಹೋಗುತ್ತದೆ. ಒಂದು ಮಿ.ಲೀ. ಹೋದರೆ ಮಗು ಬಡವಾಗುತ್ತದೆ ಎಂದು ಅಜ್ಜಿಯಂದಿರು ತಡೆಯುವುದುಂಟು. 2.2 ಕೆ.ಜಿ. ಮಗುವಿನ ಮೈಯಲ್ಲಿ ಸುಮಾರು 180 ಮಿ.ಲೀ. ರಕ್ತವಿರುತ್ತದೆ, ಅದರಲ್ಲಿ ಒಂದು ಮಿ.ಲೀ. ಹೋದರೆ ಏನೂ ಆಗದು.

ನಿಮ್ಮ ವಿವರದಲ್ಲಿ ಇನ್ನೊಂದು ಕಾರಣ ಎದ್ದು ಕಾಣುತ್ತದೆ. ಹಾಸನಕ್ಕೆ ಹೊರಡುವ ಮುಂಚೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದು ಆಂಟಿಬಯೋಟಿಕ್ ಆಗಿದ್ದರೆ ಆ ಡೋಸ್ ರಕ್ತದಲ್ಲಿದ್ದಾಗ ತೆಗೆದ ಕಲ್ಚರ್ ಬರಿದಾಗಿ ಬರುವ ಸಾಧ್ಯತೆ ಹೆಚ್ಚು. ಹಾಗೆಂದು ಆ ಇಂಜೆಕ್ಷನ್ ತಪ್ಪಲ್ಲ. ಘಾಟಿಯ ರಸ್ತೆ, ಮಳೆ, ರಾತ್ರಿ; ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ನಂಜು ಸುಮ್ಮನಿರುವುದಿಲ್ಲ. ಮೊದಲ ಡೋಸ್ ಕೊಟ್ಟೇ ಕಳಿಸುವುದು ಸರಿಯಾದ ಕ್ರಮ. ಕಳಿಸುವ ಆಸ್ಪತ್ರೆಯಲ್ಲಿ ಕಲ್ಚರ್ ಬಾಟಲಿ ಇದ್ದರೆ ಇಂಜೆಕ್ಷನ್‌ಗೆ ಮುಂಚೆ ಅದಕ್ಕೆ ರಕ್ತ ತುಂಬಿ ಮಗುವಿನ ಜೊತೆಗೇ ಕಳಿಸಿದರೆ ಎರಡೂ ಕೆಲಸ ಆದಂತೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಐಸ್ ಪೆಟ್ಟಿಗೆಯಲ್ಲೂ ಒಯ್ಯಬಾರದು. ತಣ್ಣಗಾದರೆ ಕೆಲವು ರೋಗಾಣುಗಳು ಅಲ್ಲೇ ಸಾಯುತ್ತವೆ.

ಏಳು ದಿನ ಔಷಧ ಕೊಟ್ಟದ್ದು ದಂಡವೇ ಎಂದು ಕೇಳಿದ್ದೀರಿ. ಇಲ್ಲ. ಹೊಸಗೂಸಿನಲ್ಲಿ ಹಾಲು ಬಿಡುವುದು, ತಣ್ಣಗಾಗುವುದು ಎರಡೂ ನಂಜಿನ ಲಕ್ಷಣ. 20 ಗಂಟೆ ಮುಂಚೆ ನೀರು ಹೋಗಿತ್ತು, 36 ವಾರದ ಮಗು, ಬಿಳಿ ಕಣ 4,200, ಸಿಆರ್‌ಪಿ 38. ಇಷ್ಟೂ ಒಟ್ಟಿಗಿರುವಾಗ ಕಲ್ಚರ್ ಬರಿದಾಗಿ ಬಂತೆಂದು ಎರಡನೇ ದಿನ ಔಷಧ ನಿಲ್ಲಿಸಿದ್ದರೆ ನಾನು ಅದನ್ನು ಒಪ್ಪುತ್ತಿರಲಿಲ್ಲ. ಆದರೆ ಇದೇ ಲೆಕ್ಕವನ್ನು ಎಲ್ಲ ಮಕ್ಕಳಿಗೂ ಹಾಕಬಾರದು. ಮಗು ಚೆನ್ನಾಗಿದೆ, ಸಿಆರ್‌ಪಿ ಮಾತ್ರ 14 ಇದೆ, ಕಲ್ಚರ್‌ನಲ್ಲಿ 36ರಿಂದ 48 ಗಂಟೆವರೆಗೆ ಏನೂ ಬೆಳೆದಿಲ್ಲ ಎಂದಾದರೆ ಔಷಧ ಅಲ್ಲಿಗೇ ನಿಲ್ಲಬೇಕು. ಸಿಆರ್‌ಪಿ ಪೂರ್ತಿ ಸೊನ್ನೆಗೆ ಬರಲಿ ಎಂದು ದಿನ ಎಳೆಯುವುದೂ ತಪ್ಪು. ಬೇಡದೆ ಎಳೆದ ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೂಕ ತೀರಾ ಕಡಿಮೆಯಿರುವ ಕೂಸುಗಳಲ್ಲಿ ಕರುಳು ಕೊಳೆಯುವ ಕಾಯಿಲೆ ಮತ್ತು ಮುಂದಿನ ಸೋಂಕುಗಳ ಅಪಾಯ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ದೇಶದ ಚಿಂತೆ ಇನ್ನೂ ದೊಡ್ಡದು. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನವಜಾತ ನಂಜಿಗೆ ಮುಖ್ಯ ಕಾರಣವಾಗಿ ಕಂಡವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲ, ಇ. ಕೋಲೈ ಎಂಬ ಬ್ಯಾಕ್ಟೀರಿಯಾಗಳು; ಅವುಗಳಲ್ಲಿ ಹೆಚ್ಚಿನವು ಹಲವು ಔಷಧಗಳಿಗೆ ಬಗ್ಗದವು. ಬೇಡದ ಕಡೆ ಖರ್ಚು ಮಾಡಿದ ಔಷಧ ಬೇಕಾದ ಕೂಸಿಗೆ ಕೈಕೊಡುತ್ತದೆ.

ಬೆನ್ನುಹುರಿ ನೀರಿನ ಪರೀಕ್ಷೆಯ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ರಕ್ತದ ಕಲ್ಚರ್ ಬರಿದಾಗಿದ್ದರೂ ಮಿದುಳಿನ ಪೊರೆಗೆ ಸೋಂಕು ತಗಲಿರಬಹುದು. "ಬೆನ್ನಿಂದ ನೀರು ತೆಗೆದರೆ ಮಗುವಿಗೆ ಸೊಂಟ ಬೀಳುತ್ತದೆ" ಎಂದು ಹೆದರಿ ಬೇಡವೆನ್ನುವ ಮನೆಯವರಿದ್ದಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ಅದರಿಂದ ಕಾಲು ಸ್ವಾಧೀನ ತಪ್ಪುವುದಿಲ್ಲ. ಮಿದುಳುಜ್ವರ ಇದ್ದರೆ ಔಷಧವನ್ನು ಎರಡರಿಂದ ಮೂರು ವಾರ ಕೊಡಬೇಕಾಗುತ್ತದೆ. ಗೊತ್ತಾಗದೆ ಏಳು ದಿನಕ್ಕೆ ನಿಲ್ಲಿಸಿದರೆ ಕಿವಿ, ಬುದ್ಧಿ ಎರಡಕ್ಕೂ ಕುತ್ತು.

ನಿಮ್ಮ ಮಗುವಿಗೆ ಏನು ಮಾಡಬೇಕು

ಹುಟ್ಟಿದ ಕೂಡಲೇ ಎಲ್ಲ ಪರೀಕ್ಷೆ ಮಾಡಿಸುವುದು ಬೇಡ ಎನ್ನುತ್ತೇನೆ. ಉಳಿತಾಯದ ಮಾತಲ್ಲ ಇದು, ಒಂದು ಲೆಕ್ಕ ನೋಡಿ. ಅಪಾಯದ ಕಾರಣವಿಲ್ಲದ ಸಾವಿರ ಕೂಸುಗಳಲ್ಲಿ ಐದಕ್ಕೆ ಸೋಂಕಿದೆ ಎಂದು ಇಟ್ಟುಕೊಳ್ಳಿ. ಸೋಂಕಿರುವ ಹತ್ತರಲ್ಲಿ ಎಂಟನ್ನು ಹಿಡಿಯುವ, ಸೋಂಕಿಲ್ಲದ ಹತ್ತರಲ್ಲಿ ಒಂದನ್ನು ತಪ್ಪಾಗಿ ಹಿಡಿಯುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ, ನಾಲ್ಕು ನಿಜವಾದ ಸೋಂಕಿನ ಜೊತೆ ಸುಮಾರು ನೂರು ಆರೋಗ್ಯವಂತ ಕೂಸುಗಳು ಪಾಸಿಟಿವ್ ಆಗುತ್ತವೆ. ಆ ನೂರು ಮಕ್ಕಳು ತಾಯಿಯ ಮಗ್ಗುಲು ಬಿಟ್ಟು ಗಾಜಿನ ಪೆಟ್ಟಿಗೆಗೆ ಹೋಗುತ್ತವೆ, ಸೂಜಿ, ಡ್ರಿಪ್, ಆಂಟಿಬಯೋಟಿಕ್. ಎದೆಹಾಲು ಕುಡಿಸುವುದು ತಪ್ಪುತ್ತದೆ, ಆಸ್ಪತ್ರೆಯ ರೋಗಾಣು ತಗಲುವ ಅವಕಾಶವೂ ಅಲ್ಲೇ. ಐದನೆಯ ನಿಜವಾದ ಸೋಂಕು ಆಗಲೂ ತಪ್ಪಿಹೋಗಿರುತ್ತದೆ, ನಾರ್ಮಲ್ ಎಂಬ ರಿಪೋರ್ಟಿನ ಧೈರ್ಯದಲ್ಲಿ ಯಾರೂ ಅದರ ಕಡೆ ನೋಡುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಅದರದ್ದೇ.

ಯಾವ ಸ್ಥಿತಿಯಲ್ಲಿ ಏನು ಎಂಬುದನ್ನು ಮೂರು ಬಗೆಯಾಗಿ ಯೋಚಿಸಬಹುದು. ತುಂಬು ದಿನದ ಮಗು, ನೀರು ಹೋಗಿ ಹೆಚ್ಚು ಹೊತ್ತಾಗಿಲ್ಲ, ತಾಯಿಗೆ ಜ್ವರವಿಲ್ಲ ಎಂದಾದರೆ ರಕ್ತಪರೀಕ್ಷೆ ಬೇಡ. 48 ಗಂಟೆ ಆಸ್ಪತ್ರೆಯಲ್ಲೇ ಇದ್ದು ನೋಡಿಕೊಳ್ಳುವುದು ಸಾಕು. ಮರುದಿನವೇ ಮನೆಗೆ ಹೋಗೋಣ ಎಂದು ಆತುರಪಡಬೇಡಿ. ನೀರು ಹೋಗಿ 18 ಗಂಟೆ ದಾಟಿದೆ ಅಥವಾ ಮಗು 37 ವಾರಕ್ಕೆ ಮುಂಚಿನದು, ಆದರೆ ನೋಡಲು ಚೆನ್ನಾಗಿದೆ ಎಂದಾದರೆ ಕೆಲವು ಗಂಟೆಗೊಮ್ಮೆ ಉಸಿರು, ಮೈಬಿಸಿ, ಹಾಲು ಕುಡಿಯುವುದನ್ನು ಬರೆದಿಡುವ ಕಡೆ ಇರಬೇಕು. ಸ್ಕ್ರೀನ್ ಮಾಡುವುದಾದರೆ ಒಮ್ಮೆ ಮಾಡಿ ಬಿಡದೆ ಎರಡು ಸಲ. ಇದರ ಅಪಾಯ ಇಷ್ಟೇ: ನೋಡಿಕೊಳ್ಳುವವರು ರಾತ್ರಿ ಮೈಮರೆತರೆ ಕಾದದ್ದು ವ್ಯರ್ಥ. ಇನ್ನು ತಾಯಿಗೆ 38 ಡಿಗ್ರಿ ಜ್ವರ, ಗರ್ಭನೀರು ವಾಸನೆ ಬರುತ್ತಿದೆ, ಅಥವಾ ಮಗುವೇ ಸೊರಗಿದೆ ಎಂದಾದರೆ ರಿಪೋರ್ಟಿಗೆ ಕಾಯದೆ ಕಲ್ಚರ್ ತೆಗೆದು ತಕ್ಷಣ ಔಷಧ ಶುರುಮಾಡಬೇಕು. ಆಗ ಕೆಲವು ಮಕ್ಕಳಿಗೆ ಬೇಡದೆ ಎರಡು ದಿನ ಔಷಧ ಹೋಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು.

ಹೆಂಡತಿಗೆ ನೀರು ಹೋದರೆ ಗಂಟೆ ನೋಡಿ ತಾಯಿ ಕಾರ್ಡಿನ ಮೇಲೆ ಬರೆಯಿರಿ. ನೋವು ಬರಲಿ ಎಂದು ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದದ್ದು ಆ ಗಂಟೆಯನ್ನೇ. 18 ಗಂಟೆ ದಾಟುವಂತಿದ್ದರೆ ತಾಯಿಗೇ ಆಂಟಿಬಯೋಟಿಕ್ ಕೊಡಲು ಅದರಿಂದ ಅವಕಾಶವಾಗುತ್ತದೆ. ಈಗಿನಿಂದಲೇ ಉರಿಮೂತ್ರ, ಜ್ವರ ಇದ್ದರೆ ಸಹಿಸಿಕೊಂಡು ಕೂರದೆ ಪರೀಕ್ಷೆ ಮಾಡಿಸಿ. 37 ವಾರಕ್ಕೆ ಮುಂಚೆ ನೋವು ಬಂದರೆ ನವಜಾತ ಶಿಶುಗಳ ವಿಶೇಷ ಘಟಕ ಇರುವ ಜಿಲ್ಲಾ ಮಟ್ಟದ ಆಸ್ಪತ್ರೆಗೇ ನೇರವಾಗಿ ಹೋಗುವುದು ಲೇಸು.

ಮನೆಗೆ ಬಂದ ಮೇಲೆ ಐದುನೂರು ರೂಪಾಯಿಯೊಳಗೆ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದಿರಲಿ. ಕಂಕುಳಲ್ಲಿ ಇಟ್ಟು ಕೈ ಒತ್ತಿ ಹಿಡಿಯಿರಿ, 36.5ರಿಂದ 37.5 ಸೆಲ್ಸಿಯಸ್ ಸಹಜ. ಆಷಾಢದ ಜಡಿಮಳೆಯಲ್ಲಿ ತೋಟದ ಮನೆಯ ಮಗು ತಣ್ಣಗಾದರೆ ಚಳಿಯೋ ನಂಜೋ ಎಂಬ ಅನುಮಾನ ಬರುವುದು ಸಹಜ. ತಾಯಿಯ ಎದೆಗೆ ಬರಿಮೈಯಲ್ಲಿ ಹಾಕಿ ಮೇಲೆ ಕಂಬಳಿ ಹೊದಿಸಿ. ಮಗು ಜೋರಾಗಿ ಚೀಪುತ್ತಿದ್ದು ಒಂದು ಗಂಟೆಯಲ್ಲಿ ಬೆಚ್ಚಗಾದರೆ ಚಳಿ. ಚೀಪುತ್ತಿಲ್ಲವಾದರೆ ಆ ಒಂದು ಗಂಟೆಯನ್ನೂ ಕಾಯಬೇಡಿ. ಜ್ವರವೇ ಬರಬೇಕೆಂದಿಲ್ಲ, 35.5ಕ್ಕಿಂತ ಕೆಳಗಿಳಿಯುವುದೂ 38 ಮುಟ್ಟುವುದೂ ಎರಡೂ ಅಪಾಯವೇ. ಮಲಗಿರುವ ಮಗುವಿನ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಹೊರಡಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಅಂಗಾಲು ತಟ್ಟಿದರಷ್ಟೇ ಅಲುಗುವುದು, ಮೊಲೆ ಬಾಯಿಗಿಟ್ಟರೆ ತುಟಿ ಸೋಕಿಸಿ ಹಾಗೇ ಬಿಡುವುದು, ಕೈಕಾಲು ಸೆಟೆಯುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಸೆಟೆತವನ್ನು ಬಾಲಗ್ರಹ ಎಂದು ಯಂತ್ರ ಕಟ್ಟಿಸಲು ಹೋದರೆ ಕಳೆಯುವುದು ಬೆಲೆ ಕಟ್ಟಲಾಗದ ಗಂಟೆಗಳು. ದಾರಿಯುದ್ದಕ್ಕೂ ಮಗು ತಾಯಿಯ ಎದೆಗೆ ಅಂಟಿರಲಿ, ಹಾಲು ಕುಡಿಯುವಂತಿದ್ದರೆ ಕುಡಿಸುತ್ತಿರಿ. ಅನಾರೋಗ್ಯದ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ, ಓಡಾಟ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಬಜೆ ತೇಯ್ದು ನೆಕ್ಕಿಸುವುದು, ಜೇನು, ಹೊಕ್ಕುಳಿಗೆ ಬೂದಿ ಅಥವಾ ಎಣ್ಣೆ ಹಚ್ಚುವುದು ಬೇಡ. ತೇಯುವ ಕಲ್ಲಿನ ಮೇಲಿರುವ ರೋಗಾಣು ನೇರ ಹೊಟ್ಟೆಗೆ ಹೋಗುತ್ತದೆ. ಹೊಕ್ಕುಳು ಒಣಗಿರಲಿ, ಬರಿದಾಗಿರಲಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ, ಮಗುವಿನ ಬಟ್ಟೆ ಬಿಚ್ಚಿ ತೂಕ, ಮೈಬಿಸಿ, ಉಸಿರು ಮೂರನ್ನೂ ನೋಡಿಸಿ.

ನಿಮ್ಮ ತಂಗಿಯ ಮಗುವಿನ ಬಗ್ಗೆ ಒಂದು ಕೆಲಸ ಬಾಕಿಯಿದೆ. ಏಳು ದಿನ ಜೆಂಟಾಮೈಸಿನ್ ಹೋಗಿದೆ. ಈ ಗುಂಪಿನ ಔಷಧ ಕೆಲವು ಮಕ್ಕಳಲ್ಲಿ ಕಿವಿಯ ನರಕ್ಕೆ ತೊಂದರೆ ಕೊಡಬಲ್ಲದು, ನಂಜು ಕೂಡ. ಚಪ್ಪಾಳೆ ಹೊಡೆದಾಗ ತಿರುಗಿ ನೋಡುತ್ತದೆ ಎಂಬುದು ಪರೀಕ್ಷೆಯಲ್ಲ. ಬೆರಾ ಎಂಬ ಶ್ರವಣ ಪರೀಕ್ಷೆಯನ್ನು ಮೂರು ತಿಂಗಳು ತುಂಬುವುದರೊಳಗೆ ಮಾಡಿಸಬೇಕು. ಮಗು ನಿದ್ದೆ ಮಾಡುತ್ತಿರುವಾಗ ತಲೆಗೆ ತಂತಿ ಅಂಟಿಸಿ, ಕಿವಿಯಲ್ಲಿ ಸದ್ದು ಕೊಟ್ಟು ನೋಡುತ್ತಾರೆ, ನೋವಿಲ್ಲ. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಿ, ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಮಗುವಿಗೆ ಎರಡು ತಿಂಗಳಾಗಿದೆ ಎಂದಿದ್ದೀರಿ, ಇನ್ನು ನಾಲ್ಕು ವಾರ ಕೈಯಲ್ಲಿದೆ.